ಇಬ್ಬರ ಪೇಜು, ಒಬ್ಬಳ ಬೆರಳು

ಇರಿ ಇರಿ, ಪುಟ ತಿರುಗಿಸಬೇಡಿ. ಲಿಖಿತಾಳ ಕತೆ ಪೂರ್ತಿ ಕೇಳಿಬಿಡಿ. ಅವಳ ಏಳನೇ ಕ್ಲಾಸಿನಲ್ಲಿ ಈಗಷ್ಟೇ ಒಂದು ಜಗಳ ಶುರುವಾಗುತ್ತಿದೆ. ಕಾರಣ ಅವಳೇ. ಅದು ಇನ್ನೂ ಯಾರಿಗೂ ಗೊತ್ತಿಲ್ಲ.

“ಲೇ ಲಿಖಿತಾ! ನಮ್ಮ ಪೇಜ್ ಮಾಯ ಆಗೋಗಿದೆ ಕಣೇ!” ಗೆಳತಿ ಶಾಂತಲಾ ಬ್ಯಾಗನ್ನೂ ಇಳಿಸದೆ ಓಡಿ ಬಂದಳು. “ಎಷ್ಟು ಹುಡುಕಿದ್ರೂ ಸಿಗ್ತಿಲ್ಲ. ಯಾರೋ ಹ್ಯಾಕ್ ಮಾಡಿದಾರೆ!”

ಲಿಖಿತಾ ಪುಸ್ತಕ ಹುಡುಕುವವಳ ಹಾಗೆ ಬ್ಯಾಗಿನೊಳಗೆ ತಲೆ ಹಾಕಿದಳು.

“ಹೌದಾ?” ಅಂದಳು. ಅಷ್ಟೇ.

ರೀಲ್ಸ್ ಹಾಕುವ ದೊಡ್ಡ ಆಪ್‌ನಲ್ಲಿ ಆ ಪೇಜ್ ಇಬ್ಬರದೂ ಆಗಿತ್ತು. ಅದಕ್ಕೆ ಕೊಟ್ಟಿದ್ದ ಫೋನ್ ನಂಬರ್ ಮಾತ್ರ ಲಿಖಿತಾಳ ಅಮ್ಮನದು. ಶಾಂತಲಾ ಡ್ಯಾನ್ಸ್ ಮಾಡುತ್ತಿದ್ದಳು, ಲಿಖಿತಾ ಹುಳಗಳ ಚಿತ್ರ ಬರೆದು ಹಾಕುತ್ತಿದ್ದಳು. ಡ್ಯಾನ್ಸಿಗೆ ಸಾವಿರ ವ್ಯೂಸ್. ಜೇಡಕ್ಕೆ ಹನ್ನೊಂದು, ಜೊತೆಗೆ ‘ಛೀ, ಗಲೀಜು’ ಅನ್ನುವ ಕಾಮೆಂಟು. ಊಟದ ಮಧ್ಯೆ, ಹೋಂವರ್ಕ್ ಮಧ್ಯೆ, ಹಲ್ಲುಜ್ಜುವಾಗಲೂ ಲಿಖಿತಾ ವ್ಯೂಸ್ ನೋಡುತ್ತಿದ್ದಳು. ನೋಡಿದಷ್ಟೂ ಎದೆ ಡವಡವ.

ಹೋದ ವಾರ ಸೈನ್ಸ್ ಟೀಚರ್ ಶ್ರೀದೇವಿ ಮೇಡಂ ಒಂದು ಪುಟ್ಟ ವೆಬ್‌ಸೈಟ್ ತೋರಿಸಿದ್ದರು. ಹುಳಹುಪ್ಪಟೆ ನೋಡುವವರದು. ಎಲ್ಲ ಸೇರಿ ನಲವತ್ತಮೂರು ಜನ. ಲೈಕ್ ಬಟನ್ನೇ ಇಲ್ಲ! ಲಿಖಿತಾ ಅಲ್ಲಿ ಕರಿಬೇವಿನ ಗಿಡದ ಜೇಡವನ್ನು ಹಾಕಿದಳು. ಬಿಳೇಕಹಳ್ಳಿಯ ಭಾರ್ಗವ ಅನ್ನುವವರು ಉತ್ತರ ಬರೆದರು: ‘ಎಂಟು ಕಣ್ಣೂ ಬರೆದಿದ್ದೀಯ, ಭೇಷ್! ಅದು ಜಿಗಿಯುವಾಗ ಹಿಂದೆ ನೂಲು ಬಿಡುತ್ತದೆ, ಗಮನಿಸು.’ ಲಿಖಿತಾ ಅದನ್ನು ಐದು ಸಲ ಓದಿದಳು.

ನಿನ್ನೆ ಸಾಯಂಕಾಲ ದೊಡ್ಡ ಆಪ್‌ನ ಆ ಪೇಜನ್ನೇ ಡಿಲೀಟ್ ಮಾಡಿಬಿಟ್ಟಳು. ಮೂವತ್ತು ದಿನದೊಳಗೆ ಲಾಗಿನ್ ಆದರೆ ವಾಪಸ್ ಬರುತ್ತದಂತೆ. ಅಬ್ಬಾ, ಹೊರಗೆ ಬಂದೆ ಅನ್ನಿಸಿತ್ತು. ಶಾಂತಲಾ ನೆನಪಿಗೇ ಬಂದಿರಲಿಲ್ಲ.

“ಯಾರಂತ ನಂಗೊತ್ತು,” ಎನ್ನುತ್ತಾ ಶಾಂತಲಾ ಹಿಂದಿನ ಬೆಂಚಿಗೆ ನುಗ್ಗಿದಳು. “ಏಯ್ ರೇವಂತ್! ದಿನಾ ‘ಡಬ್ಬಾ ಡ್ಯಾನ್ಸ್’ ಅಂತ ಕಾಮೆಂಟ್ ಹಾಕ್ತಿದ್ದೆ ತಾನೆ? ನೀನೇ ಕಣೋ ಮಾಡಿರೋದು!”

“ನಾನಾ? ಹೋಗೇ! ಮೂರು ದಿನದಿಂದ ನಮ್ಮನೇಲಿ ಫೋನೇ ಕೊಟ್ಟಿಲ್ಲ ನಂಗೆ.”

“ಸುಳ್ಳ! ಇವತ್ತು ನಮ್ಮಪ್ಪ ನಿಮ್ಮನೆಗೇ ಬರ್ತಾರೆ, ನೋಡ್ತಿರು.”

ರೇವಂತ್ ನಗಲು ನೋಡಿದ. ಆಗಲಿಲ್ಲ. “ಬೇಡ ಕಣೇ, ಪ್ಲೀಸ್. ನಮ್ಮಪ್ಪ ನನ್ನ ಮಾತು ನಂಬಲ್ಲ. ದೇವರಾಣೆ ನಾನಲ್ಲ.”

“ಹ್ಯಾಕರ್! ಹ್ಯಾಕರ್!” ಯಾರೋ ಕೂಗಿದರು. ಇಡೀ ಕ್ಲಾಸ್ ನಕ್ಕಿತು.

ಸಾಯಂಕಾಲ ಗುಟ್ಟಾಗಿ ಲಾಗಿನ್ ಆದರೆ ಮುಗಿಯಿತು, ಯಾರಿಗೂ ಗೊತ್ತಾಗುವುದಿಲ್ಲ ಎಂದು ಲಿಖಿತಾ ಯೋಚಿಸಿದಳು. ಆದರೆ ಸಾಯಂಕಾಲಕ್ಕೆ ಇನ್ನೂ ಏಳು ಪೀರಿಯಡ್ ಇತ್ತು. ರೇವಂತನ ಕಿವಿ ಆಗಲೇ ಕೆಂಪಗಾಗಿತ್ತು.

“ಅವನಲ್ಲ,” ಅಂದಳು. ಯಾರಿಗೂ ಕೇಳಿಸಲಿಲ್ಲ. ಎದ್ದು ನಿಂತಳು. “ಅವನಲ್ಲ! ನಾನೇ ಡಿಲೀಟ್ ಮಾಡಿದ್ದು.”

“ಮೊದ್ಲೇ ಬೊಗಳಕ್ಕೇನಾಗಿತ್ತೇ?” ರೇವಂತ್ ಕಣ್ಣೊರೆಸಿಕೊಂಡ.

ಶಾಂತಲಾ ಲಿಖಿತಾಳ ಕಡೆ ತಿರುಗಿದಳು. “ಯಾಕೆ?”

“ನಂಗೆ ಅಲ್ಲಿ ಇರಕ್ಕೆ ಆಗ್ತಿಲ್ಲ ಕಣೇ. ಭಯ ಆಗತ್ತೆ.”

“ಹಾಗಿದ್ರೆ ನೀನು ಹೋಗು! ನನ್ನ ಡ್ಯಾನ್ಸ್ ಯಾಕೆ ಅಳಿಸ್ದೆ? ನನ್ನ ಒಂದು ಮಾತು ಕೇಳಿದ್ಯಾ?”

ಕೇಳಿರಲಿಲ್ಲ.

ಅವತ್ತು ಸ್ಕೂಲ್ ಬಿಟ್ಟ ಮೇಲೆ ಶಾಂತಲಾ ಬನಶಂಕರಿ ಬಸ್ ಸ್ಟ್ಯಾಂಡಿನ ತನಕ ಒಬ್ಬಳೇ ಮುಂದೆ ಮುಂದೆ ನಡೆದಳು.

ಮನೆಗೆ ಬಂದು ಲಿಖಿತಾ ಅಮ್ಮನಿಗೆ ಎಲ್ಲ ಹೇಳಿದಳು. ಬೈಸಿಕೊಂಡು, ಲಾಗಿನ್ ಆದಳು. ಅಮ್ಮ ಶಾಂತಲಾಳ ಅಮ್ಮನಿಗೆ ಫೋನ್ ಮಾಡಿ ಓಟಿಪಿ ಕೇಳಿ, ಪೇಜನ್ನು ಅವರ ನಂಬರಿಗೆ ಬದಲಾಯಿಸಿದರು.

ಡ್ಯಾನ್ಸುಗಳೆಲ್ಲ ವಾಪಸ್ ಬಂದಿದ್ದವು. ಲಿಖಿತಾ ಈ ಸಲ ವ್ಯೂಸ್ ನೋಡಲಿಲ್ಲ, ಡ್ಯಾನ್ಸ್ ನೋಡಿದಳು. ಪ್ರತಿ ವಿಡಿಯೋದ ಕೊನೆಯಲ್ಲೂ ಶಾಂತಲಾ ಏದುಸಿರು ಬಿಡುತ್ತಾ, ‘ಹೆಂಗಿತ್ತೇ?’ ಅನ್ನುವ ಹಾಗೆ ಈ ಕಡೆ ನೋಡಿ ನಗುತ್ತಿದ್ದಳು. ಆ ನಗು ಸಾವಿರ ಜನಕ್ಕಲ್ಲ. ಫೋನ್ ಹಿಡಿದು ವಿಡಿಯೋ ತೆಗೆಯುತ್ತಿದ್ದ ಲಿಖಿತಾಳಿಗೆ.

ಲಿಖಿತಾ ಲಾಗೌಟ್ ಆದಳು. ಆಮೇಲೆ ಶಾಂತಲಾಳಿಗೆ ಒಂದು ವಾಯ್ಸ್ ಮೆಸೇಜ್ ಕಳಿಸಿದಳು: “ಪೇಜ್ ಇನ್ಮೇಲೆ ನಿಂದೇ. ನಾನು ಅದ್ರಲ್ಲಿ ಇರಲ್ಲ. ಆದ್ರೆ ನೀನು ಡ್ಯಾನ್ಸ್ ಮಾಡುವಾಗ ಫೋನ್ ಹಿಡಿಯಕ್ಕೆ ಬರ್ಲಾ?”

ಎರಡು ಟಿಕ್ ನೀಲಿಯಾದವು. ಶಾಂತಲಾ ಕೇಳಿಸಿಕೊಂಡಿದ್ದಾಳೆ. ಇನ್ನೂ ಏನೂ ಹೇಳಿಲ್ಲ.

ನೀವು ಶಾಂತಲಾ ಆಗಿದ್ದರೆ ಏನು ಹೇಳುತ್ತಿದ್ದಿರಿ?