ಹಿತ್ತಲಲ್ಲಿ ಸುಳಿದಾಡಿದ ಏಳಡಿ ಆಸಾಮಿ

ಕಬ್ಬಿನ ಗದ್ದೆಯ ನಡುವೆ ಇರುವೆ ಕೆಮ್ಮಿದರೆ, ಅದು ಗಂಡೋ ಹೆಣ್ಣೋ ಎಂದು ಠಾಣೆಯ ಬಾಗಿಲಲ್ಲಿ ಕುಳಿತೇ ಹೇಳಬಲ್ಲ ಗಂಡಸು ಹೆಡ್ ಕಾನ್‌ಸ್ಟೇಬಲ್ ಸತ್ತೆಪ್ಪ. ನಂಬದವರು ಇರುವೆಯನ್ನೇ ಕೇಳಬಹುದು. ನಿಪ್ಪಾಣಿಯಿಂದ ಕಾಗವಾಡದವರೆಗೆ ಅವನ ಮೀಸೆ ಕಂಡ ಕಳ್ಳರು ಕೈಕೋಳಕ್ಕೆ ಪಾಳಿ ಹಚ್ಚುತ್ತಿದ್ದರು.

ಮಾರ್ಚ್ ಹನ್ನೊಂದರ ಬೆಳಿಗ್ಗೆ, ಬೇಡಕಿಹಾಳ ಕಡೆಯ ತೋಟದ ಮನೆಯ ವಿರುಪಾಕ್ಷಪ್ಪ ಠಾಣೆಗೆ ಬಂದ.

"ಹಿತ್ತಲಾಗ ಯಾರೋ ಸುಳಿದಾಡಾಕತ್ತಾರ್ರಿ."

"ಅಡ್ಡಾಡಾಕತ್ತಾರೋ, ಸುಳಿದಾಡಾಕತ್ತಾರೋ?" ಇನ್ಸ್‌ಪೆಕ್ಟರ್ ಪಾರಿಸ ಕೇಳಿದರು. ದೂರಿನಲ್ಲಿ ಒಂದು ಮಾತು ಹೆಚ್ಚುಕಡಿಮೆಯಾದರೆ ಅವರಿಗೆ ಊಟ ಸೇರದು.

"ಅಡ್ಡಾಡಾಂವ ಬಂದು ಹೋಗ್ತಾನ್ರಿ. ಇಂವ ಎದುರಿಗೆ ಬರಂಗಿಲ್ಲ, ಮನಿ ಬಿಟ್ಟೂ ಹೋಗಂಗಿಲ್ಲ. ಒಮ್ಮೆ ಕಬ್ಬಿನಾಗ, ಒಮ್ಮೆ ಬಣವಿ ಹಿಂದ. ನಿನ್ನಿ ಕೂಸಿನ ತಲಿ ಕುಂಚಿಗಿ ಬಿಸಲಿಗೆ ಹಾಕಿದ್ವಿ, ಅದನ್ನ ಒಯ್ದಾನ. ಮಾಟಕ್ಕ ಒಯ್ದಾನ್ರಿ!"

ಎಫ್‌ಐಆರ್ ದಾಖಲಾಯಿತು. ಪಾರಿಸ ತಿರುಗಿದರು. "ಸತ್ತೆಪ್ಪ, ಆ ಕಡೆ ಬೀಟು ನಿಂದಲ್ಲ? ಏನ ಕಂಡಿ?"

ಸತ್ತೆಪ್ಪ ಮೀಸೆ ತಿರುವಿದ. "ಏಳಡಿ ಆಸಾಮಿ ಸರ್. ಕಣ್ಣಂದ್ರ ಟ್ರ್ಯಾಕ್ಟರ್ ಲೈಟು. ಅಂವ ಓಡಿದ್ದಕ್ಕ ಹತ್ತು ಟನ್ ಕಬ್ಬು ಮಲಗೇತಿ. ನಾ ಬೆನ್ನ ಹತ್ತಿದ್ದೆ, ಏನ ಮಾಡೂದು, ಗಾಳಿ ಅವನ ಕಡೆ ಇತ್ತು."

ಪಾರಿಸ ನಗಲಿಲ್ಲ. ವಿರುಪಾಕ್ಷಪ್ಪ ಮಾತ್ರ ಬಿಳಿಚಿಕೊಂಡ. ಅವನು ಮನೆ ಮುಟ್ಟುವಷ್ಟರಲ್ಲಿ ಸುತ್ತಲಿನ ಗಂಡಸರ ಕೈಗೆಲ್ಲ ಬಡಿಗೆ ಬಂದಿತ್ತು.

ಮಧ್ಯಾಹ್ನ ಹನ್ನೆರಡಕ್ಕೆ ಪಂಚನಾಮೆ ನಡೆಯಿತು. ಬಣವೆಯ ಹಿಂದಿನ ಹಸಿ ಮಣ್ಣಲ್ಲಿ ಗೇಣುದ್ದದ ಬರಿಗಾಲಿನ ಗುರುತು. ಬೇಲಿಯ ಬುಡದಲ್ಲಿ ಒಡೆದ ಹಸಿರು ಬಳೆ.

"ಏಳಡಿ ಆಸಾಮಿ ಬಳಿ ಹಾಕ್ಕೊಂತಾನೇನೋ?"

"ಶೋಕಿ ಇದ್ದಾನು ಸರ್."

ಪಾರಿಸ ವಿರುಪಾಕ್ಷಪ್ಪನ ಕಡೆ ನೋಡಿದರು. "ಬಾಣಂತಿ ಯಾರು?"

"ಸೊಸಿ ನೀಲಮ. ಮಗ ತಾನ ಲಗ್ನ ಆಗಿ ತಂದಾನ್ರಿ, ಈಗ ದುಡಿಯಾಕ ಪರಊರಿಗೆ ಹೋಗ್ಯಾನ. ಆಕಿ ತವರವರು ಮಂದಿ ಹೊಲದಾಗ ಕೂಲಿ ಮಾಡಾವ್ರು. ನಮ್ಮ ಹೊಸ್ತಿಲಾ ತುಳಿಯಂಗಿಲ್ಲ ಅಂತ ಮಾತಾಗೇತಿ."

"ಆಕೀನ ಕೇಳಬೇಕು."

"ಪುರುಡು ಐತ್ರಿ. ಗಂಡಸರು ಒಳಗ ಹೋಗಂಗಿಲ್ಲ."

ಮಹಿಳಾ ಕಾನ್‌ಸ್ಟೇಬಲ್‌ ಒಬ್ಬಳನ್ನು ಕರೆತರಲು ಪಾರಿಸ ಠಾಣೆಗೆ ಮರಳಿದರು. ಅಷ್ಟರಲ್ಲಿ ಫೋನ್ ಬಂತು: ಏಳಡಿಯವನು ಸಿಕ್ಕಿಬಿದ್ದಿದ್ದಾನೆ, ಮಂದಿ ತದುಕಿದ್ದಾರೆ.

ಜೀಪು ಹೋದಾಗ ಬಣವೆಯ ಮುಂದೆ ಬಿದ್ದಿದ್ದವಳು ನೀಲಮಳ ತಾಯಿ ಸುಂದ್ರವ್ವ. ನಿಂತರೆ ಸತ್ತೆಪ್ಪನ ಎದೆಗೂ ಬಾರದ ಹೆಂಗಸು. ಬಲಗೈ ಮುರಿದಿತ್ತು. ಎಡಗೈಯಲ್ಲಿ ಕುಂಚಿಗೆ ಬಿಗಿಹಿಡಿದಿದ್ದಳು.

"ಇದನ್ಯಾಕ ಒಯ್ದಿ?" ಪಾರಿಸ ಕೇಳಿದರು.

"ಮೂಸಿ ನೋಡಾಕ್ರಿ. ಮಗಳು ಮೊಲಿ ಕೊಡಾಕತ್ತಿದ್ರ ತಾಯಿ ಹಾಲಿನ ವಾಸನಿ ಹತ್ತಿರತೇತಿ. ಇದರಾಗ ಬರೇ ಸಕ್ರಿ ನೀರಿಂದ ಐತಿ. ಆಕಿಗೆ ಎದ್ದು ಕುಂಡ್ರಾಕ ಆಗವಲ್ದು ಯಪ್ಪಾ!"

"ಬಾಗಲಕ್ಕ ಬಂದು ಕೇಳಬೇಕಿತ್ತು."

"ಬಾಗಲ ತೆರದಿದ್ರ ಯಾಕ ಸುಳಿದಾಡತಿದ್ದೆ? ನನ್ನ ಜೇಲಿಗೆ ಹಾಕ್ರಿ, ಆಕೀನ ದವಾಖಾನಿಗೆ ಹಾಕ್ರಿ. ಮಗಳ ದನಿ ಕೇಳಸವಲ್ದು ಅಂತ ಮೊನ್ನೆನ ಈ ಅಣ್ಣಾರ ಕಾಲ ಹಿಡಿದು ಹೇಳಿದ್ನಲ್ರಿ!" ಅವಳ ಕಣ್ಣು ಸತ್ತೆಪ್ಪನ ಮೇಲಿತ್ತು.

ಮಹಿಳಾ ಕಾನ್‌ಸ್ಟೇಬಲ್ ಒಳಗೆ ಓಡಿದಳು. ನೀಲಮಳ ಮೈ ಕಾದ ಹಂಚಾಗಿತ್ತು. ಕರೆದರೆ ಓ ಎನ್ನಲಿಲ್ಲ. ಸಂಜೆ ಐದಕ್ಕೆ ಕುಂಚಿಗೆ ಕಳವಿನ ದೂರಿನ ಮೇಲೆ ಸುಂದ್ರವ್ವನ ಬಂಧನ ದಾಖಲಾಯಿತು, ಹೊಡೆದವರ ಮೇಲೆ ಬೇರೆ ಪ್ರಕರಣ. ಒಂದೇ ಜೀಪಿನಲ್ಲಿ ತಾಯಿ, ಮಗಳು, ಕೂಸು ಚಿಕ್ಕೋಡಿಗೆ ಹೊರಟರು. ಮುರಿದ ಕೈಯ ಪರಿವೆಯೇ ಇಲ್ಲದೆ ಸುಂದ್ರವ್ವ ಮಗಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಿದ್ದಳು.

"ನಂಜು ಏರೇತಿ," ಡಾಕ್ಟರು ಹೊರಗೆ ಬಂದು ಹೇಳಿದರು. "ಈಗ ಏನೂ ಹೇಳಾಕ ಬರಂಗಿಲ್ಲ. ಎರಡು ದಿನ ಮೊದಲ ಯಾಕ ತರಲಿಲ್ಲ?"

ವಿರುಪಾಕ್ಷಪ್ಪ ಗೋಡೆ ನೋಡಿದ. ಪಾರಿಸ ಸತ್ತೆಪ್ಪನನ್ನು ನೋಡಿದರು. "ನೀ ಹೇಳು."

ಸತ್ತೆಪ್ಪ ಟೊಪ್ಪಿಗೆ ತೆಗೆದ.

"ಆಸಾಮಿ ಯಾರೂ ಇರಲಿಲ್ರಿ. ಈ ಅವ್ವನ ಇದ್ಳು. ಒಳಗ ಹೋಗಿ ಒಂದ ಮಾತ ಕೇಳ್ರಿ ಅಂದ್ಳು. ವಿರುಪಾಕ್ಷಪ್ಪಾರ ಅಂಗಳದಾಗ ನಿಂತು ಕೇಳಾಕ ನನಗ ಅಂಜಿಕಿ ಆತು ಸರ್. ಹೆಣ್ಣಮಗಳ ಮುಂದ ಅಂಜಿ ಹೊಳ್ಳಿ ಬಂದ್ನಿ ಅಂತ ನಿಮಗ ಹೆಂಗ ಹೇಳಲಿ? ಅದಕ್ಕ ಆಕೀನ ಏಳಡಿ ಆಸಾಮಿ ಮಾಡಿದ್ನಿ."