ಬಲಗಿವಿಯ ಬಾಕಿ

ಕರೆಂಟು ಹೋಯಿತು. ಸಾಲು ಸಾಲು ಮಗ್ಗಗಳು ಒಂದರ ಹಿಂದೊಂದು ನಿಂತವು.

ಇಂಥದ್ದೊಂದು ಗಳಿಗೆಗಾಗಿಯೇ ಅವಳು ಕಾದಿದ್ದಳು.

ಆ ನೇಯ್ಗೆ ಶೆಡ್ಡಿನಲ್ಲಿ ಮಗ್ಗ ಓಡುವಾಗ ಯಾರ ದನಿಯೂ ಯಾರಿಗೂ ಕೇಳದು. ಹಾಗಾಗಿ ಎಲ್ಲರೂ ತುಟಿ ನೋಡಿ ಮಾತು ಓದಬಲ್ಲವರು. ಎದುರು ನಿಂತು ತುಟಿ ಆಡಿಸಿದರೆ ಕೊನೆಯ ಸಾಲಿನವರೆಗೂ ಸುದ್ದಿ ಮುಟ್ಟಿತೆಂದೇ ತಿಳಿಯಬೇಕು. ಗುಟ್ಟು ಹೇಳುವುದಿದ್ದರೆ ಮಗ್ಗ ನಿಂತಾಗ, ಬೆನ್ನ ಹಿಂದಿನಿಂದ, ಕಿವಿಯ ಬಳಿ.

ಫಿಟ್ಟರ್ ಅವಳ ಮಗ್ಗದ ಕೆಳಗೆ ಬಗ್ಗಿ ಬೋಲ್ಟು ಬಿಗಿಯುತ್ತಿದ್ದ. ಹೋದ ವಾರ ಅವನು ಕೇಳಿದ್ದ: "ನನ್ನ ಜೊತೆ ಬಾಳ್ತೀಯಾ? ಅವಸರ ಇಲ್ಲ, ಯೋಚನೆ ಮಾಡಿ ಹೇಳು."

ಅವಳು ಅವನ ಬಲಗಿವಿಯ ಕಡೆ ಬಾಗಿದಳು.

"ಆಯ್ತು... ಬಾಳ್ತೀನಿ. ಬಂದು ನಮ್ಮಮ್ಮನ್ನ ಕೇಳು."

ಅವನು ತಿರುಗಲಿಲ್ಲ. ಸ್ಪ್ಯಾನರ್ ಒರೆಸಿಕೊಂಡು ಎದ್ದ. ಮುಂದಿನ ಮಗ್ಗದ ಕಡೆ ನಡೆದೇಬಿಟ್ಟ.

ಅವಳ ಮುಖಕ್ಕೆ ರಕ್ತ ನುಗ್ಗಿತು. *ಕೇಳಿದವನೇ ಈಗ ಹಿಂದೆ ಸರೀತಿದಾನಾ?*

ಮರುದಿನ ನಲ್ಲಿಯ ಹತ್ತಿರ ಅವನೇ ಮಾತಿಗೆ ಬಂದ.

"ಯಾಕೆ ಸಿಡುಕಿ, ಮುಖ ಊದ್ಕೊಂಡಿದೆ?"

"ನಿಮ್ಮಂಥವರ ಜೊತೆ ನಮಗೇನು ಮಾತು?"

'ನೀನು' ಹೋಗಿ 'ನೀವು' ಆಗಿದ್ದನ್ನು ಕಂಡು ಅವನ ನಗು ಮಾಸಿತು.

"ನನಗೆ ಇದೇ ಉತ್ತರಾನಾ?"

"ನಿಮಗೆ ಉತ್ತರ ಆಗಲೇ ಕೊಟ್ಟಾಗಿದೆ."

ಅವನು ತಲೆತಗ್ಗಿಸಿ ಹೋದ. ಅವಳು ಕರೆಯಲಿಲ್ಲ. ಅಂದು ಕರೆಯಲಿಲ್ಲ, ಮರುದಿನವೂ ಇಲ್ಲ. ವಾರ ಹಾಗೇ ಕಳೆಯಿತು.

ಆಮೇಲೊಂದು ದಿನ ಊಟದ ಹೊತ್ತಿಗೆ ಪಕ್ಕದ ಮಗ್ಗದ ರೇಡಿಯೋ ಅಕ್ಕ ಡಬ್ಬಿ ಬಿಚ್ಚುತ್ತಾ ಸುದ್ದಿ ಬಿಚ್ಚಿದಳು. ಶೆಡ್ಡಿನ ಸುದ್ದಿಯೆಲ್ಲ ಮೊದಲು ಬರುವುದು ಅವಳಲ್ಲಿಗೇ.

"ನಿನ್ನ ಫಿಟ್ಟರ್ ಕಿವಿಗೆ ಹತ್ತಿ ಇಟ್ಕೊಂಡು ತಿರುಗ್ತಿದಾನೆ. ಗುಂಯ್ ಅನ್ನುತ್ತಂತೆ. ಬಿಸಿ ಎಣ್ಣೆ ಬಿಡು ಅಂದಿದೀನಿ."

"ಇಲ್ಲಿ ಯಾರ ಕಿವಿ ಗುಂಯ್ ಅನ್ನಲ್ಲ ಅಕ್ಕ? ಸಂಬಳದ ಜೊತೆ ಬರೋ ಬೋನಸ್ಸು ಅದು."

"ಇವನಿಗೆ ಪೂರ್ತಿ ಬಂದ್ ಆಗಿದೆ ಕಣೇ. ಕರೆಂಟು ಹೋಗಿತ್ತಲ್ಲ, ಆವತ್ತು ಬೆಳಗ್ಗೆ ಏಳುವಾಗಲೇ."

ಅವಳ ಕೈಯ ತುತ್ತು ಹಾಗೇ ನಿಂತಿತು.

"ಯಾವ ಕಿವಿ?"

"ಬಲಗಡೇದು."

ಡಬ್ಬಿ ಅಲ್ಲೇ ಉಳಿಯಿತು. ಅವಳು ಓಡಿಹೋಗಿ ಅವನನ್ನು ಆಸ್ಪತ್ರೆಗೆ ಎಳೆದುಕೊಂಡು ಹೋದಳು.

ಆಸ್ಪತ್ರೆಯ ಪರೀಕ್ಷೆಯ ಕೋಣೆಯಲ್ಲಿ ಅವನು, ಗಾಜಿನ ಈಚೆ ಅವಳು. ಸದ್ದು ಕೇಳಿದಾಗ ಕೈ ಎತ್ತಬೇಕು. ಎಡಗಿವಿಯ ಸರದಿಯಲ್ಲಿ ಕೈ ಪಟಪಟನೆ ಎದ್ದಿತು. ಬಲಗಿವಿಗೆ... ಕೈ ತೊಡೆಯ ಮೇಲೇ ಇತ್ತು. *ಎತ್ತು. ಒಂದೇ ಒಂದು ಸಲ ಎತ್ತು.*

ಎತ್ತಲಿಲ್ಲ.

"ಇನ್ಮೇಲೆ ಎಣ್ಣೆ ಒಂದು ಹನಿನೂ ಬೇಡ," ಎಂದರು ಡಾಕ್ಟರಮ್ಮ. "ಗುಗ್ಗೆ ಕಟ್ಟಿಲ್ಲ, ಕಿವಿಯ ತಮಟೆನೂ ಚೆನ್ನಾಗಿದೆ. ಪೆಟ್ಟು ಬಿದ್ದಿರೋದು ಒಳಗಿವಿಗೆ."

"ಶೆಡ್ಡಿನ ಗದ್ದಲದಿಂದಾನಾ?" ಅವಳ ದನಿಯಲ್ಲಿ ಬೆಂಕಿಯಿತ್ತು.

"ಗದ್ದಲ ವರ್ಷಗಟ್ಟಲೆ ನಿಧಾನಕ್ಕೆ ಎರಡೂ ಕಿವಿ ತಿನ್ನುತ್ತೆ. ಬೆಳಗ್ಗೆ ಏಳೋಷ್ಟರಲ್ಲಿ ಒಂದೇ ಕಿವಿ ಹೋದ್ರೆ ಅದು ಬೇರೆ. ವೈರಸ್ ಇರಬಹುದು, ಒಳಗಿವಿಗೆ ರಕ್ತ ಸರಿಯಾಗಿ ಹೋಗ್ದೇ ಇರಬಹುದು. ಎಷ್ಟೋ ಜನಕ್ಕೆ ಕಾರಣ ಗೊತ್ತೇ ಆಗಲ್ಲ. ಸ್ಕ್ಯಾನಿಂಗೂ ಮಾಡಿಸಿಬಿಡೋಣ."

"ವಾಪಸ್ ಬರುತ್ತಾ?"

"ಕೆಲವರಿಗೆ ಪೂರ್ತಿ, ಕೆಲವರಿಗೆ ಅರ್ಧ, ಕೆಲವರಿಗೆ ಇಲ್ಲ. ಸ್ಟೀರಾಯ್ಡ್ ಮಾತ್ರೆ ಇವತ್ತೇ ಶುರು ಮಾಡೋಣ, ಸಾಲದಿದ್ರೆ ತಮಟೆಯ ಮೂಲಕ ಇಂಜೆಕ್ಷನ್. ಮೊದಲ ದಿನವೇ ಬರಬೇಕಿತ್ತು. ಎರಡು ವಾರ ದಾಟಿದ್ರೆ ಇನ್ನೂ ಕಷ್ಟ ಆಗ್ತಿತ್ತು."

ಗದ್ದಲ ಅವನ ಕಿವಿಯನ್ನು ಕಿತ್ತುಕೊಂಡಿರಲಿಕ್ಕಿಲ್ಲ. ಆದರೆ ಕಿವಿ ಹೋದರೂ ಗಾಬರಿಯಾಗದಂತೆ ಅವರನ್ನೆಲ್ಲ ಪಳಗಿಸಿದ್ದು ಅದೇ. ಇನ್ನು ಆ ಕಳೆದ ದಿನಗಳನ್ನು ತಿಂದಿದ್ದು ತನ್ನ ಮುನಿಸು.

ಹೊರಗೆ ಬೆಂಚಿನ ಮೇಲೆ ಅವಳು ಅವನ ಎಡಕ್ಕೆ ಕೂತಳು.

"ಆವತ್ತು ನಿನ್ನ ಹಿಂದೆ ನಿಂತು ಒಂದು ಮಾತು ಹೇಳಿದ್ದೆ."

ಅವನು ಬೆಚ್ಚಿ ನೋಡಿದ. ಅವಳು ಬಾಯಿ ತೆರೆಯುವಷ್ಟರಲ್ಲಿ ತಡೆದ.

"ಈಗ ಬೇಡ. ಕನಿಕರ ಅನ್ಕೊಂಡುಬಿಡ್ತೀನಿ. ಮಗ್ಗದ ತಪ್ಪು ಸದ್ದಲ್ಲೇ ಹಿಡಿಯೋನು ನಾನು. ಕಿವಿ ಹೋದ್ರೆ ಕೆಲಸಾನೂ ಹೋಗುತ್ತೆ. ಆ ಮಾತು ನಿನ್ನ ಹತ್ರಾನೇ ಇರಲಿ."

ಮಾತ್ರೆ ನುಂಗಿದ. ಅವಳು ದಿನಾ ಬಲಗಡೆ ನಿಂತು ಚಿಟಿಕೆ ಹೊಡೆದಳು. ಅವನು ದಿನಾ ತಲೆಯಾಡಿಸಿದ, ಇಲ್ಲ. ಇಂಜೆಕ್ಷನ್ ಶುರುವಾಯಿತು. ರಾತ್ರಿಯೆಲ್ಲ ಅವಳ ಕಣ್ಣಿಗೆ ನಿದ್ದೆ ಹತ್ತುತ್ತಿರಲಿಲ್ಲ.

ಗದ್ದಲದಿಂದ ದೂರವಿರಲು ಡಾಕ್ಟರಮ್ಮ ಹೇಳಿದ್ದರಿಂದ ಅವನು ರಜೆ ಕೇಳಲು ಶೆಡ್ಡಿಗೆ ಬಂದ. ಎರಡೂ ಕಿವಿಗೆ ಗದ್ದಲ ತಡೆಯಲು ಆಸ್ಪತ್ರೆಯವರು ಕೊಟ್ಟ ರಬ್ಬರ್ ಬಿರಡೆ. ಮೇಸ್ತ್ರಿ ನಕ್ಕ. ತುಟಿಯ ಮಾತು ಎಲ್ಲರಿಗೂ ಕಂಡಿತು: 'ಕಿವುಡ ಫಿಟ್ಟರ್ ನನಗ್ಯಾಕೆ? ಮನೇಲೇ ಇರು.'

ಫಿಟ್ಟರ್ ಬಾಗಿಲ ಕಡೆ ತಿರುಗಿದ.

ಅವಳು ಮಗ್ಗ ನಿಲ್ಲಿಸಿ ಅಡ್ಡ ಬಂದು ನಿಂತಳು. ಹಿಂದೆ ಅಲ್ಲ, ಎದುರಿಗೆ. ಗುಟ್ಟಾಗಿ ಅಲ್ಲ, ತುಟಿ ಪೂರ್ತಿ ಬಿಡಿಸಿ, ಇಡೀ ಶೆಡ್ಡು ಓದಲಿ ಎಂದು.

'ನಿನ್ನ ಜೊತೆ ಬಾಳ್ತೀನಿ. ಕಿವಿ ಬಂದ್ರೂ ಬಾಳ್ತೀನಿ, ಬರದಿದ್ರೂ ಬಾಳ್ತೀನಿ. ಆವತ್ತು ಹೇಳಿದ್ದು ಇದೇ. ಕನಿಕರ ಅಂದ್ರೆ ಒದೀತೀನಿ.'

ಆಮೇಲೆ ಮೇಸ್ತ್ರಿಯ ಕಡೆ ತಿರುಗಿದಳು.

'ಆ ಬಿರಡೆ ನಮ್ಮೆಲ್ಲರಿಗೂ ಬೇಕು. ಇವನ ಕೆಲಸ ಇವನಿಗೇ ಇರಬೇಕು.'

ರೇಡಿಯೋ ಅಕ್ಕನ ಮಗ್ಗ ನಿಂತಿತು. ಅದರ ಪಕ್ಕದ್ದು ನಿಂತಿತು. ಸಾಲಿಗೆ ಸಾಲೇ ನಿಂತಿತು. ಈ ಸಲ ಕರೆಂಟು ಹೋಗಿರಲಿಲ್ಲ.

"ಏನ್ರೇ ಇದು, ಶುರು ಮಾಡ್ರೇ," ಎಂದ ಮೇಸ್ತ್ರಿ.

"ಬಿರಡೆ ಬರಲಿ, ಶುರು ಮಾಡ್ತೀವಿ," ಎಂದಳು ಅಕ್ಕ. "ಮದುವೆ ಮಾತುಕತೆ ನಡೀತಿದೆ, ಸುಮ್ನಿರಿ ನೀವು."

ಆ ನಗುವಿನ ನಡುವೆ ಫಿಟ್ಟರ್ ಬಿರಡೆ ತೆಗೆದ. ಅವಳು ಅವನ ಬಲಕ್ಕೆ ಹೋಗಿ, ಎಂದಿನ ಭಯದಲ್ಲೇ ಚಿಟಿಕೆ ಹೊಡೆದಳು.

ಅವನು ಅಲ್ಲಾಡಲಿಲ್ಲ. ಮತ್ತೊಮ್ಮೆ ಹೊಡೆದಳು.

ಅವನ ಕೈ ನಿಧಾನವಾಗಿ ಮೇಲೆದ್ದಿತು, ಗಾಜಿನ ಕೋಣೆಯಲ್ಲಿ ಎತ್ತಬೇಕಿದ್ದ ಹಾಗೆ.

"ಏನೋ ಇದೆ... ತಗಡಿನ ಡಬ್ಬದೊಳಗಿಂದ ಬಂದ ಹಾಗೆ."

"ಪೂರ್ತಿ ಬರದೇ ಇರಬಹುದು," ಎಂದಳು ಅವಳು. ಕಣ್ಣು ತುಂಬಿತ್ತು.

"ಇಷ್ಟು ಸಾಕು. ಈಗ ಇನ್ನೊಂದ್ಸಲ ಹೇಳು."

"ಯಾವ ಕಿವಿಗೆ?"

"ಬಲಕ್ಕೇ. ಅದಕ್ಕೆ ಬಾಕಿ ಇದೆ."