ಅಣ್ಣನ ಕ್ಯಾಲ್ಕುಲೇಟರ್, ಬಾಳೇಶನ ಕಾಲ್ಬೆರಳು

"ಎರಡೂ ಕೈ ಡೆಸ್ಕ್ ಮೇಲೆ! ಒಂದು ಬೆರಳೂ ಅಲ್ಲಾಡಬಾರದು!"

ಬಸವರಾಜೇಶ್ವರಿ ಮಿಸ್ ಹಾಗೆ ಹೇಳಿದ್ದೇ ತಡ, ಐದನೇ ಕ್ಲಾಸಿನ ಡೆಸ್ಕುಗಳ ಮೇಲೆಲ್ಲ ಕೈಗಳು ಚಪಾತಿಯಂತೆ ಹರಡಿಕೊಂಡವು. ಅವತ್ತು ಬಾಯಿಲೆಕ್ಕದ ಟೆಸ್ಟ್. ಮಿಸ್ ಲೆಕ್ಕ ಓದುತ್ತಾರೆ. ಮನಸ್ಸಿನಲ್ಲೇ ಮಾಡಬೇಕು. "ಬರೀರಿ" ಅಂದಾಗ ಮಾತ್ರ ಪೆನ್ಸಿಲ್ ಹಿಡಿದು ಉತ್ತರ ಬರೆಯಬೇಕು. ಫಸ್ಟ್ ಬಂದವರು ರಾಜಾಜಿನಗರದ ಒಂದು ಸ್ಕೂಲಿನಲ್ಲಿ ನಡೆಯುವ ಕಾಂಪಿಟಿಷನ್‌ಗೆ ಹೋಗುತ್ತಾರೆ. ಕ್ಲಾಸಿಗೆ ಒಬ್ಬರೇ.

"ನಲವತ್ತೆಂಟಕ್ಕೆ ಮೂವತ್ತೇಳು ಕೂಡಿ. ಅದರಲ್ಲಿ ಹತ್ತೊಂಬತ್ತು ಕಳೀರಿ."

ಮೇಧಾ ಕಣ್ಣು ಮುಚ್ಚಿಕೊಂಡಳು. ನಲವತ್ತೆಂಟು, ಮೂವತ್ತೇಳು... ಅಷ್ಟರಲ್ಲಿ ಅವಳ ಪೆನ್ಸಿಲ್ ಉರುಳಿ ಕೆಳಗೆ ಬಿತ್ತು. ಎತ್ತಿಕೊಳ್ಳಲು ಬಗ್ಗಿದಳು. ಬಗ್ಗಿದವಳು ಹಾಗೇ ನಿಂತುಬಿಟ್ಟಳು.

ಪಕ್ಕದ ಸಾಲಿನ ಬಾಳೇಶ ಶೂ ಬಿಚ್ಚಿಟ್ಟಿದ್ದ. ಸಾಕ್ಸಿನ ಒಳಗೆ ಅವನ ಕಾಲ್ಬೆರಳುಗಳು ಒಂದೊಂದಾಗಿ ಮೇಲೇಳುತ್ತಿದ್ದವು, ಕೂರುತ್ತಿದ್ದವು. ಒಂದು ಸಾಕ್ಸಿಗೆ ತೂತಾಗಿ ಹೆಬ್ಬೆರಳು ಹೊರಗೇ ಬಂದಿತ್ತು. ಅದೂ ಎದ್ದು ಕೂತು ಮಾಡುತ್ತಿತ್ತು. ಕೈಗಳು ಮಾತ್ರ ಡೆಸ್ಕಿನ ಮೇಲೆ ಏನೂ ಅರಿಯದವರಂತೆ ಮಲಗಿದ್ದವು.

"ಮಿಸ್! ಬಾಳೇಶ ಕಾಪಿ ಹೊಡೀತಿದಾನೆ! ಕಾಲಲ್ಲಿ!"

ಮಾತು ಬಾಯಿಂದ ಹೊರಗೆ ಬಿದ್ದಾಗಿತ್ತು. ಇಡೀ ಕ್ಲಾಸ್ ಡೆಸ್ಕಿನ ಕೆಳಗೆ ಬಗ್ಗಿತು. ಹೆಬ್ಬೆರಳು ಎಲ್ಲರಿಗೂ ಕಂಡಿತು.

"ಏ, ನೋಡ್ರೋ! ಕಿಟಕಿ ಇಟ್ಟಿದಾನೆ ಸಾಕ್ಸಿಗೆ!" ಎಂದು ಹಿಂದಿನ ಬೆಂಚಿನಿಂದ ಯಾರೋ ಕೂಗಿದರು. ನಗುವೋ ನಗು.

ಬಾಳೇಶ ಎದ್ದು ನಿಂತ. ಅವನು ಈ ವರ್ಷವಷ್ಟೇ ಬೆಳಗಾವಿ ಕಡೆಯಿಂದ ಬಂದು ಸೇರಿದ್ದ. ಅವನ ಅಪ್ಪ ಅಮ್ಮ ಬಸವೇಶ್ವರನಗರದಲ್ಲಿ ಮನೆ ಕಟ್ಟುವ ಕಡೆ ಗಾರೆ ಕೆಲಸ ಮಾಡುತ್ತಿದ್ದರು.

"ನಾ ಕಾಪಿ ಹೊಡದಿಲ್ರಿ ಮಿಸ್. ನನ್ನ ಕಾಲು ನಂದ ಅಲ್ಲೇನ್ರಿ?" ಅಂದ.

ಮಿಸ್ ಕನ್ನಡಕ ತೆಗೆದರು, ಮತ್ತೆ ಹಾಕಿಕೊಂಡರು. "ಬೆರಳು ಅಲ್ಲಾಡಿಸಬಾರದು ಅಂದಿದ್ದೆ. ಕಾಲ್ಬೆರಳೂ... ಬೆರಳೇ ತಾನೇ?" ಎಂದರು. ಯಾರನ್ನು ಕೇಳಿದರೋ ಗೊತ್ತಾಗಲಿಲ್ಲ. ಕೊನೆಗೆ ಬಾಳೇಶನ ಪೇಪರ್ ಪಕ್ಕಕ್ಕಿಟ್ಟರು.

ಟೆಸ್ಟ್ ಮುಗಿದಾಗ ಮೇಧಾ ಫಸ್ಟ್. ಯಾವಾಗಲೂ ಬಾಳೇಶ ಫಸ್ಟ್, ಅವಳು ಸೆಕೆಂಡ್. ಮಿಸ್ ಅವಳ ಹೆಸರನ್ನು ಬೋರ್ಡಿನ ಮೂಲೆಯಲ್ಲಿ ಬರೆದರು. ಎಷ್ಟೋ ದಿನದಿಂದ ಅಲ್ಲಿ ತನ್ನ ಹೆಸರು ಬರಬೇಕೆಂದು ಅವಳಿಗೆ ಆಸೆಯಿತ್ತು. ಈಗ ಅದನ್ನು ನೋಡಿದರೆ ಬೇರೆ ಯಾರದೋ ಹೆಸರು ನೋಡಿದಂತಿತ್ತು.

ಸಂಜೆ ಮನೆಗೆ ಬಂದರೆ ಹಾಲ್‌ನಲ್ಲಿ ಅಣ್ಣ ಮಧ್ವೇಶ ಕ್ಯಾಲ್ಕುಲೇಟರ್ ಹಿಡಿದು ಕೂತಿದ್ದ. ಅವನು ಇಂಜಿನಿಯರಿಂಗ್ ಓದುತ್ತಿದ್ದ. ಮರುದಿನ ಅವನಿಗೆ ಮ್ಯಾಥ್ಸ್ ಪರೀಕ್ಷೆ. ಪಕ್ಕದಲ್ಲಿ ಅವನ ಫ್ರೆಂಡ್ ಕಿಟ್ಟಿ, ತನ್ನ ಕ್ಯಾಲ್ಕುಲೇಟರ್ ಹಿಡಿದು ಕಾಯುತ್ತಿದ್ದ.

"ಬಾರೇ ಮೇಧಾ, ಒಂದು ಮ್ಯಾಜಿಕ್ ತೋರಿಸ್ತೀನಿ" ಎಂದು ಅಣ್ಣ ಕರೆದ. ಒಂದು ಬಟನ್ ಒತ್ತಿದ. ಪರದೆಯ ಮೇಲೆ 'ಎ?' ಎಂದು ಬಂತು.

"ಅದು ನನ್ನೇ ಕೇಳ್ತಾ ಇದೆಯಾ?"

"ಹೂಂ. ಯಾವುದಾದ್ರೂ ನಂಬರ್ ಕೊಡು."

ಮೇಧಾ ಏಳು ಒತ್ತಿದಳು. ಅದು 'ಬಿ?' ಎಂದಿತು. ಮೂರು ಒತ್ತಿದಳು. ಆಮೇಲೆ 'ಸಿ?' ಎಂದಿತು. ಅದಕ್ಕೂ ಒಂದು ನಂಬರ್ ಕೊಟ್ಟಳು. ಕ್ಯಾಲ್ಕುಲೇಟರ್ ಒಂದು ಗಳಿಗೆ ಸುಮ್ಮನಿದ್ದು, ಉದ್ದನೆಯ ಉತ್ತರ ತೋರಿಸಿತು.

"ಈ ಲೆಕ್ಕ ಕೈಯಲ್ಲಿ ಮಾಡಿದ್ರೆ ಎರಡು ಪೇಜ್ ಆಗತ್ತೆ. ಇದಕ್ಕೆ ನಾನು ಪ್ರೋಗ್ರಾಂ ಬರೆದಿಟ್ಟಿದೀನಿ. ಒಂದು ವಾರ ತಲೆ ಕೆಡಿಸ್ಕೊಂಡಿದೀನಿ ಕಣೇ ಇದಕ್ಕೆ."

"ಮೊದಲು ನಂಗೆ ಹಾಕ್ಕೊಡು ಮಗಾ" ಎಂದ ಕಿಟ್ಟಿ. "ಒಳಗೇನಿದೆ ಅಂತ ನಂಗೆ ಬೇಡ. ಯಾವ ಬಟನ್ ಒತ್ಬೇಕು, ಅಷ್ಟು ಹೇಳು ಸಾಕು."

ಮೇಧಾ ಕ್ಯಾಲ್ಕುಲೇಟರನ್ನೇ ನೋಡುತ್ತಿದ್ದಳು. "ಅಣ್ಣ, ಪರೀಕ್ಷೆಗೆ ಇದನ್ನ ತಗೊಂಡು ಹೋಗ್ತೀಯಾ? ಅದು ಕಾಪಿ ಅಲ್ವಾ?"

"ಲೇ! ಕಾಪಿ ಹೇಗಾಗತ್ತೆ? ಕ್ಯಾಲ್ಕುಲೇಟರ್ ತರಬಹುದು ಅಂತ ಕಾಲೇಜಲ್ಲೇ ಹೇಳಿದಾರೆ."

"ಚೀಟಿಯಲ್ಲಿ ಬರ್ಕೊಂಡು ಹೋದ್ರೆ?"

"ಅದು ಕಾಪಿ."

"ಕ್ಯಾಲ್ಕುಲೇಟರಲ್ಲಿ ಬರ್ಕೊಂಡು ಹೋದ್ರೆ?"

"ಅದು... ಪ್ರೋಗ್ರಾಂ."

ಕಿಟ್ಟಿ ಬಿದ್ದು ಬಿದ್ದು ನಕ್ಕ. "ಗುರು, ನಿನ್ ತಂಗಿ ಲಾಯರ್ ಆಗ್ತಾಳೆ!"

"ನೀನು ಸುಮ್ನಿರು. ನೋಡು ಮೇಧಾ, ಇದನ್ನ ಬರೆದಿದ್ದು ನಾನು. ನನ್ ಪ್ರೋಗ್ರಾಂ ನಂದೇ ಅಲ್ವಾ?"

ಮೇಧಾಗೆ ಬಾಳೇಶ ಅಂದದ್ದು ನೆನಪಾಯಿತು. ನನ್ನ ಕಾಲು ನಂದ ಅಲ್ಲೇನ್ರಿ?

"ಕಿಟ್ಟಿ ಅಣ್ಣ ಬರೆದಿಲ್ವಲ್ಲ. ಹಾಗಾದ್ರೆ ಅವರಿಗೆ ಕಾಪೀನಾ? ನಿಂಗೆ ಅಲ್ವಾ?"

ಕಿಟ್ಟಿಯ ನಗು ನಿಂತಿತು. ಮಧ್ವೇಶ ತಲೆ ಕೆರೆದುಕೊಂಡ. "ಅಪ್ಪನ್ನ ಕೇಳು ಹೋಗು" ಎಂದ.

ಅಪ್ಪ ವೆಂಕಟಗಿರಿ ಪೇಪರ್ ಓದುತ್ತಿದ್ದರು. ಎಲ್ಲ ಕೇಳಿಸಿಕೊಂಡು, "ನಮ್ ಕಾಲದಲ್ಲಿ ಇದೆಲ್ಲ ಇರ್ಲಿಲ್ಲಮ್ಮ. ಎಲ್ಲ ನಾವೇ ಮಾಡ್ತಿದ್ವಿ. ಲಾಗ್ ಟೇಬಲ್ ಪುಸ್ತಕ ಒಂದು ಕೊಡ್ತಿದ್ರು, ಅಷ್ಟೇ" ಎಂದರು.

"ಅದರಲ್ಲಿ ಏನಿರ್ತಿತ್ತು?"

"ಕಷ್ಟದ ಲೆಕ್ಕಗಳನ್ನ ಮೊದಲೇ ಮಾಡಿ ಉತ್ತರ ಹಾಕಿರ್ತಿದ್ರು. ನಾವು ನೋಡಿ ಬರ್ಕೋ..." ಅಪ್ಪ ಅಲ್ಲಿಗೇ ನಿಲ್ಲಿಸಿದರು. "ಪಂಕಜಾ, ಸಾರಿಗೆ ಒಗ್ಗರಣೆ ಆಯ್ತಾ?"

ಅಡುಗೆಮನೆಯಿಂದ ಅಮ್ಮನ ದನಿ ಬಂತು. "ಇದರಲ್ಲಿ ಕೇಳೋದೇನಿದೆ? ಇವತ್ತು ಸಾರಿನ ಪುಡಿ ಅಂಗಡೀದು. ಹಾಗಂತ ಸಾರು ನಾನು ಮಾಡಿದ್ದಲ್ವಾ?"

"ನೀನೇ ಮಾಡಿದ್ದು. ಆದ್ರೆ..." ಎಂದರು ಅಪ್ಪ.

"ಆದ್ರೆ ಏನು?"

ಅಪ್ಪ ಪೇಪರಿನ ಹಿಂದೆ ಪೂರ್ತಿ ಮರೆಯಾದರು.

ಯಾರನ್ನು ಕೇಳಿದರೂ ಮೇಧಾಳ ತಲೆಯೊಳಗಿನ ಗಂಟು ಇನ್ನಷ್ಟು ಬಿಗಿಯಾಯಿತು. ಅಣ್ಣನದು ಕಾಪಿ ಅಲ್ಲ ಅಂದರೆ ಬಾಳೇಶನದೂ ಅಲ್ಲ. ಬಾಳೇಶನದು ಕಾಪಿ ಅಂದರೆ ಅಣ್ಣನನ್ನು ಏನನ್ನಬೇಕು? ಊಟ ಮಾಡುವಾಗ ಸಾರನ್ನೂ ಅನುಮಾನದಿಂದಲೇ ನೋಡಿದಳು.

ಮರುದಿನ ಸ್ಕೂಲಿನಲ್ಲಿ, ನಲ್ಲಿಯ ಹತ್ತಿರ ಬಾಳೇಶ ನೀರು ಹಿಡಿಯುತ್ತಿದ್ದ. ಮೇಧಾ ಮೆಲ್ಲಗೆ ಹೋಗಿ ನಿಂತಳು.

"ಕಾಲಲ್ಲಿ ಹೇಗೋ ಲೆಕ್ಕ ಮಾಡ್ತೀಯಾ?"

ಅವನು ಬಾಟಲಿಯನ್ನು ನಲ್ಲಿಯ ಕೆಳಗೆ ಹಿಡಿದೇ ಇದ್ದ.

"ಒಂದ ಬೆರಳ ಎತ್ತಿದ್ರ ಹತ್ತು" ಎಂದ ಕೊನೆಗೆ, ಅವಳ ಮುಖ ನೋಡದೆ. "ಬಿಡಿ ಅಂಕಿ ತಲ್ಯಾಗ ಇಟ್ಕೋತೀನಿ, ಹತ್ತು ಕಾಲಾಗ. ನಮ್ಮೂರ ಸಾಲ್ಯಾಗ ನೆಲದ ಮ್ಯಾಲ ಕೂಡ್ತಿದ್ವಿ. ಕೈಯಾಗ ಪಾಟಿ-ಬಳಪ ಇರ್ತಿತ್ತು. ಕಾಲ ಖಾಲಿ ಇರ್ತಿದ್ವು."

"ಯಾರು ಹೇಳಿಕೊಟ್ರು?"

"ಯಾರೂ ಇಲ್ಲ. ನಾನ ಮಾಡ್ಕೊಂಡೀನಿ."

ಅಷ್ಟರಲ್ಲಿ ಇಬ್ಬರು ಹುಡುಗರು ಓಡುತ್ತ ಬಂದರು. "ಏ ಕಿಟಕಿ! ಗಾಳಿ ಚೆನ್ನಾಗಿ ಬರ್ತಾ ಇದೆಯಾ?" ಎಂದು ಕೂಗಿ ಓಡಿದರು. ಬಾಳೇಶ ಅರ್ಧ ತುಂಬಿದ ಬಾಟಲಿ ತೆಗೆದುಕೊಂಡು ಹೊರಟುಹೋದ. ನಲ್ಲಿ ಸುರಿಯುತ್ತಲೇ ಇತ್ತು. ಮೇಧಾ ಅದನ್ನು ನಿಲ್ಲಿಸಿದಳು.

ಸಂಜೆ ಅಣ್ಣ ಪರೀಕ್ಷೆ ಮುಗಿಸಿ ಬಂದ. ಬ್ಯಾಗನ್ನು ಸೋಫಾ ಮೇಲೆ ಹಾಕಿ, ಅದರ ಪಕ್ಕದಲ್ಲಿ ತಾನೂ ಬಿದ್ದುಕೊಂಡ.

"ಏನಾಯ್ತಣ್ಣ? ಪ್ರೋಗ್ರಾಂ ಕೆಲಸ ಮಾಡ್ತಾ?"

"ಎಲ್ಲಿ ಮಾಡತ್ತೆ! ಬಾಗಿಲಲ್ಲೇ ಗೋಪೀನಾಥ ಸರ್ ಪೆನ್ನು ಹಿಡ್ಕೊಂಡು ನಿಂತಿದ್ರು. ಎಲ್ಲರ ಕ್ಯಾಲ್ಕುಲೇಟರ್ ಇಸ್ಕೊಂಡು, ಹಿಂದೆ ಒಂದು ತೂತಿದೆ ನೋಡು, ಅದರೊಳಗೆ ಪೆನ್ನಿನ ತುದಿ ಹಾಕಿ ಒತ್ತಿದ್ರು. ರೀಸೆಟ್. ಒಳಗಿದ್ದಿದ್ದೆಲ್ಲ ಅಳಿಸಿಹೋಯ್ತು."

"ಅಯ್ಯೋ! ಕಿಟ್ಟಿ ಅಣ್ಣ?"

"ಅವನು ಫ್ಯಾನ್ ನೋಡ್ಕೊಂಡು ಕೂತಿದ್ದ."

"ನೀನು?"

ಅಣ್ಣ ಎದ್ದು ಕೂತ. "ಬರೆದಿದ್ದು ನಾನೇ ಅಲ್ವೇನೇ. ನೆನಪಿತ್ತು. ಒಳಗೆ ಕೂತ್ಕೊಂಡು ಮತ್ತೆ ಮೊದಲಿಂದ ಎಲ್ಲ ಒತ್ತಿದೆ. ಒತ್ತುತ್ತಾ ಇದ್ದಾಗ ಸರ್ ಹಿಂದೇನೇ ಬಂದು ನಿಂತಿದಾರೆ! ಪೂರ್ತಿ ನೋಡಿದ್ರು. ನನ್ ಕೈ ಬೆವರಿ ಬಟನ್ನೇ ಜಾರ್ತಿತ್ತು."

"ಬೈದ್ರಾ?"

"'ಅಳಿಸಿದ್ದೆ ಅಲ್ವೇನಯ್ಯಾ?' ಅಂದ್ರು. ಹೂಂ ಸಾರ್ ಅಂದೆ. 'ಸರಿ ಹಾಗಾದ್ರೆ' ಅಂತ ಹೇಳಿ ಹೋದ್ರು. ಬೈದ್ರೋ ಹೊಗಳಿದ್ರೋ ಒಂದೂ ಗೊತ್ತಾಗ್ಲಿಲ್ಲ." ಅವನು ಕ್ಯಾಲ್ಕುಲೇಟರನ್ನು ಕೈಯಲ್ಲಿ ತಿರುಗಿಸುತ್ತಾ ಕೇಳಿದ, "ನೀನೇ ಹೇಳು ಲಾಯರಮ್ಮ. ನಾನು ಮಾಡಿದ್ದು ಕಾಪೀನಾ?"

ಅಣ್ಣ ತಮಾಷೆಗೆ ಕೇಳಲಿಲ್ಲ. ಅವನಿಗೂ ನಿಜವಾಗಿ ಗೊತ್ತಿರಲಿಲ್ಲ. ಇಷ್ಟು ದೊಡ್ಡವನಿಗೂ ಗೊತ್ತಿಲ್ಲದ್ದನ್ನು ತಾನು ನಿನ್ನೆ ಎಷ್ಟು ಬೇಗ, ಎಷ್ಟು ಗಟ್ಟಿಯಾಗಿ ಕೂಗಿಬಿಟ್ಟೆ ಎಂದು ಮೇಧಾಗೆ ಕಿವಿ ಬಿಸಿಯಾಯಿತು.

ಶನಿವಾರ ಬೆಳಿಗ್ಗೆ ಮಾಸ್ ಡ್ರಿಲ್. ಬಿಳಿ ಯೂನಿಫಾರ್ಮ್, ಬಿಳಿ ಕ್ಯಾನ್ವಾಸ್ ಶೂ. ಡ್ರಿಲ್ ಮುಗಿಯುತ್ತಲೇ ಮೇಧಾ ಓಡಿಹೋಗಿ ಬಸವರಾಜೇಶ್ವರಿ ಮಿಸ್‌ರನ್ನು ವರಾಂಡದಲ್ಲೇ ಹಿಡಿದಳು. ಕೇಳಿದರೆ ಬೋರ್ಡಿನ ಮೇಲಿನ ಹೆಸರು ಹೋಗಬಹುದು. ಅದು ಅವಳಿಗೆ ಗೊತ್ತಿತ್ತು.

"ಮಿಸ್, ಕಾಲ್ಬೆರಳು ಕಾಪಿನೋ ಅಲ್ವೋ?"

ಮಿಸ್ ನಡೆಯುವುದನ್ನು ನಿಲ್ಲಿಸಿದರು. "ನಿಂಗೂ ಅದೇ ಯೋಚನೇನಾ? ನಾನು ಸ್ಟಾಫ್ ರೂಮಲ್ಲಿ ಕೇಳಿದೆ ಕಣಮ್ಮ. ಅರ್ಧ ಜನ ಹೌದು ಅಂದ್ರು. ಇನ್ನರ್ಧ ಜನ ಅಲ್ಲ ಅಂದ್ರು. ಟೀ ಆರಿಹೋಗೋವರೆಗೂ ಜಗಳ ಆಡಿದ್ರು."

"ಅವನೇ ಮಾಡ್ಕೊಂಡಿರೋದಂತೆ ಮಿಸ್. ಯಾರೂ ಹೇಳಿಕೊಟ್ಟಿಲ್ವಂತೆ."

ಮಿಸ್ ಕನ್ನಡಕ ಸರಿಮಾಡಿಕೊಂಡರು. "ಇವತ್ತು ಇನ್ನೊಂದು ಸಲ ಟೆಸ್ಟ್ ಇಡ್ತೀನಿ. ಕೈ ಡೆಸ್ಕ್ ಮೇಲೆ ಇರ್ಬೇಕು. ಕಾಲಿನ ವಿಷಯ ನಾನು ಎತ್ತಲ್ಲ. ಆಗ್ಬಹುದಾ?"

ಮೇಧಾ ತಲೆಯಾಡಿಸಿದಳು.

ಕ್ಲಾಸಿನಲ್ಲಿ ಮಿಸ್ ಬೋರ್ಡಿನ ಮೂಲೆಯ ಹೆಸರು ಒರೆಸಿ, ಮತ್ತೆ ಟೆಸ್ಟ್ ಎಂದರು. "ಕಾಲು ಎಲ್ಲಿರ್ಬೇಕು ಮಿಸ್?" ಎಂದು ಹಿಂದಿನ ಬೆಂಚಿನವನು ಕೇಳಿದ. "ನಿನ್ನ ಸೊಂಟದ ಕೆಳಗೆ" ಎಂದರು ಮಿಸ್. ಎಲ್ಲರೂ ನಕ್ಕರು.

ಬಾಳೇಶ ನಗಲಿಲ್ಲ.

ಮೇಧಾ ಅವನ ಕಡೆ ನೋಡಿದಳು. ಇವತ್ತು ಅವನು ಶೂ ಬಿಚ್ಚಿರಲಿಲ್ಲ. ಲೇಸನ್ನು ಎರಡೆರಡು ಗಂಟು ಹಾಕಿ ಬಿಗಿದಿದ್ದ. ಒಂದು ಕಾಲಿನ ಮೇಲೆ ಇನ್ನೊಂದು ಕಾಲಿಟ್ಟು, ಎರಡನ್ನೂ ಬೆಂಚಿನ ಅಡಿಗೆ ಎಳೆದುಕೊಂಡಿದ್ದ.

ಯಾಕೆ? ಮಿಸ್ ಕಾಲಿನ ಬಗ್ಗೆ ಏನೂ ಹೇಳಿಲ್ಲವಲ್ಲ. ಈಗ ಯಾರೂ ಬೈಯುವುದಿಲ್ಲವಲ್ಲ.

ಆಗ ಅವಳಿಗೆ ನಲ್ಲಿಯ ಹತ್ತಿರದ ಹುಡುಗರು ನೆನಪಾದರು. ಅವರು 'ಕಾಪಿ' ಎಂದು ಕೂಗಿರಲಿಲ್ಲ. ಯಾರೂ ಅವನನ್ನು ಕಾಪಿ ಎಂದು ಕರೆದೇ ಇರಲಿಲ್ಲ. ಎಲ್ಲರೂ ಕರೆದದ್ದು ಕಿಟಕಿ. ಎರಡು ದಿನದಿಂದ ಕಾಪಿನೋ ಅಲ್ಲವೋ ಎಂದು ಮನೆಮಂದಿಯನ್ನೆಲ್ಲ ಕೇಳಿ ತಲೆ ಕೆಡಿಸಿಕೊಂಡಿದ್ದಳು. ಆದರೆ ಅವತ್ತು ಅವಳು ಕ್ಲಾಸಿಗೆಲ್ಲ ತೋರಿಸಿದ್ದು ಅವನ ಲೆಕ್ಕವನ್ನಲ್ಲ.

"ರೆಡೀನಾ?" ಎಂದರು ಮಿಸ್.

"ಮಿಸ್!" ಮೇಧಾ ಎದ್ದು ನಿಂತಳು. ಎಲ್ಲರೂ ತಿರುಗಿದರು. ಬಾಳೇಶನೂ ತಿರುಗಿದ. ಮತ್ತೆ ಏನು ಹೇಳುತ್ತಾಳೋ ಎಂದು ಅವನ ಮುಖ ಗಟ್ಟಿಯಾಯಿತು.

"ಮಿಸ್, ಡ್ರಿಲ್ ಮಾಡಿ ನನ್ ಶೂ ಒಳಗೆ ಮಣ್ಣು ಹೋಗಿದೆ. ಚುಚ್ತಾ ಇದೆ. ಶೂ, ಸಾಕ್ಸ್ ಎರಡೂ ಹೊರಗೆ ಬಿಟ್ಟು ಬರ್ಲಾ?"

"ನಂಗೂ ಮಿಸ್!" "ನಂಗೂ ಚುಚ್ತಾ ಇದೆ!" ಎಂದು ಅಲ್ಲಲ್ಲಿ ದನಿಗಳು ಎದ್ದವು.

ಮಿಸ್ ನೆಲ ನೋಡಿದರು. ಬಾಗಿಲಿನಿಂದ ಬೆಂಚುಗಳವರೆಗೂ ಕೆಮ್ಮಣ್ಣಿನ ಹೆಜ್ಜೆಗಳು. "ಶಿವನೇ! ಎಲ್ರೂ ಹೊರಗೆ ಬಿಚ್ಚಿಟ್ಟು ಬನ್ನಿ. ಸಾಕ್ಸು ಶೂ ಒಳಗೇ ತುರುಕಿ. ಒಬ್ಬರ ಕಾಲಲ್ಲೂ ಏನೂ ಇರಬಾರದು."

ವರಾಂಡದಲ್ಲಿ ಶೂಗಳ ಸಾಲು ಬೆಳೆಯಿತು. ಎಲ್ಲ ಸಾಕ್ಸುಗಳೂ ಉಂಡೆಯಾಗಿ ಒಳಗೆ ಸೇರಿದ್ದವು. ಯಾವುದು ಹೊಸದು, ಯಾವುದು ಹರಿದದ್ದು ಎಂದು ಹೊರಗಿನಿಂದ ತಿಳಿಯುತ್ತಿರಲಿಲ್ಲ. ಎರಡೆರಡು ಗಂಟು ಬಿಚ್ಚಿ ಬಾಳೇಶ ಎಲ್ಲರಿಗಿಂತ ಕೊನೆಗೆ ಬಂದ. ಮೇಧಾಳ ಡೆಸ್ಕ್ ದಾಟುವಾಗ ಒಂದು ಕ್ಷಣ ನಿಂತ. ಆಮೇಲೆ ಹೋಗಿ ಕೂತ.

"ಎರಡೂ ಕೈ ಡೆಸ್ಕ್ ಮೇಲೆ! ಐವತ್ತಾರಕ್ಕೆ ಇಪ್ಪತ್ತೊಂಬತ್ತು ಕೂಡಿ. ಅದರಲ್ಲಿ ಮೂವತ್ತೆಂಟು ಕಳೀರಿ."

ಕಲ್ಲಿನ ನೆಲ ಪಾದಕ್ಕೆ ತಣ್ಣಗೆ ತಾಗುತ್ತಿತ್ತು. ಪಕ್ಕದ ಸಾಲಿನಿಂದ ತಪ್, ತಪ್ ಎಂದು ಸಣ್ಣ ಸದ್ದು ಬಂತು. ಮೇಧಾ ಬಗ್ಗಿ ನೋಡಲಿಲ್ಲ.

ಐವತ್ತಾರು, ಇಪ್ಪತ್ತೊಂಬತ್ತು... ಅವಳ ಹೆಬ್ಬೆರಳು ತಾನಾಗಿಯೇ ಒಮ್ಮೆ ಮೇಲೆದ್ದಿತು. ಕೂರಿಸಲೋ ಬೇಡವೋ ಎಂದು ಅವಳಿಗೆ ತಿಳಿಯಲಿಲ್ಲ.